ಬಾಸನ್ನು ಎಬ್ಬಿಸುವವರು

ತೆಂಗಿನ ಕರಟ ಸುಟ್ಟ ವಾಸನೆ ನಿಮಗೆ ಏನನ್ನು ನೆನಪಿಗೆ ತರುತ್ತದೋ ಗೊತ್ತಿಲ್ಲ. ನನಗಂತೂ ಅದು ಗ್ಯಾಂಗಿನ ವಾಸನೆ. ಮೊನ್ನೆ ಸಂಜೆ ಅಜ್ಜಂಪುರದ ನಮ್ಮ ಮನೆಯ ಹಿತ್ತಿಲಲ್ಲಿ ಬದನೆಕಾಯಿ ಸುಡೋಣವೆಂದು ಒಂದಿಷ್ಟು ಕರಟ ಒಟ್ಟಿ ಬೆಂಕಿ ಹಚ್ಚಿದ್ದೆ. ನನ್ನ ಸೋದರಮಾವನ ಹೆಂಡತಿ ಗಿರಿಜತ್ತೆ ಕಡೂರಿನ ಮಗನ ಮನೆಯಿಂದ ಬಂದಿದ್ದಳು. ಗ್ಯಾಸಿನ ಮೇಲೆ ಸುಟ್ಟ ಬದನೆಕಾಯಿಯ ಗೊಜ್ಜು ಗೊಜ್ಜೇ ಅಲ್ಲ ಎಂದು ವಾದ ಮಾಡುವ ಹೆಂಗಸು ಅವಳು, ಅವಳಿಗಾಗಿಯೇ ಇಷ್ಟೆಲ್ಲ ಹೊಗೆ. ಹಿತ್ತಿಲ ಬಾಗಿಲಿನ ಮೆಟ್ಟಿಲ ಮೇಲೆ ನನ್ನ ಮಗಳು ಕಡಲೆಕಾಯಿ ಸುಲಿದುಕೊಂಡು ತಿನ್ನುತ್ತಾ ಮೊಬೈಲ್ ನೋಡುತ್ತಿದ್ದಳು. ಅದರೊಳಗೆ ಎರಡು ಗ್ಯಾಂಗುಗಳು ಯಾವುದೋ ಬಂದರಿಗಾಗಿ ಬಡಿದಾಡುತ್ತಿದ್ದವು. ಗುಂಡಿನ ಸದ್ದು ಕಿವಿಗೆ ಬಿದ್ದದ್ದು, ಕರಟದ ಹೊಗೆ ಮೂಗಿಗೆ ಬಂದದ್ದು ಎರಡೂ ಒಂದೇ ಹೊತ್ತಿಗೆ ಆಯಿತು. ಇಕ್ಕಳ ಹಿಡಿದುಕೊಂಡೇ ನಿಂತುಬಿಟ್ಟೆ. ಬದನೆಕಾಯಿ ಒಂದು ಕಡೆ ಕರಿಕಲಾದದ್ದೂ ಗೊತ್ತಾಗಲಿಲ್ಲ.

ನಮ್ಮ ಅಜ್ಜಿಯ ಊರು ಸಿಂಗಟಗೆರೆಯ ಕಡೆ. ನಮ್ಮೂರಿನಲ್ಲಿ ನಾಲ್ಕನೇ ಕ್ಲಾಸಿನಾಚೆಗೆ ಶಾಲೆ ಇರಲಿಲ್ಲವೆಂದು ಅಪ್ಪ ನನ್ನನ್ನು ಅಲ್ಲಿಗೆ ತಂದು ಬಿಟ್ಟಿದ್ದರು. ಕೆಂಪು ಹೆಂಚಿನ, ಉದ್ದ ಜಗಲಿಯ ಮನೆ. ಜಗಲಿಗೆ ಮಾವ ತಾನೇ ಗಾರೆ ಹಾಕಿದ್ದ, ಅದು ಒಣಗುವ ಮುಂಚೆಯೇ ಮೇಕೆಯೊಂದು ಓಡಾಡಿ ಅದರ ಗೊರಸಿನ ಗುರುತು ಅಲ್ಲೇ ಉಳಿದುಹೋಗಿತ್ತು. ನಾನು ಆ ಗುಳಿಗಳಲ್ಲಿ ಹುಣಸೆಬೀಜ ಇಟ್ಟು ಆಡುತ್ತಿದ್ದೆ. ಒಳಗೆ ಯಾವಾಗಲೂ ಹುರುಳಿಕಾಳು ಬೆಂದ ಬಿಸಿ, ಎಮ್ಮೆಯ ಮೈವಾಸನೆ, ಅಟ್ಟದ ಮೇಲಿನ ಒಣ ಕೊಬ್ಬರಿಯ ಸಿಹಿಗಮಲು. ಆ ಮನೆ ಈಗ ಇಲ್ಲ. ಅದಿದ್ದ ಜಾಗದಲ್ಲಿ ತಗಡಿನ ಗೋಡೌನ್ ಎದ್ದಿದೆ, ಅದಕ್ಕೆ ಬೀಗ ಹಾಕಿರುತ್ತದೆ. ಹೋದಾಗಲೆಲ್ಲ ಒಮ್ಮೆ ಸುತ್ತು ಹಾಕಿ ನೋಡಿ ಬರುತ್ತೇನೆ. ಮೇಕೆಯ ಗುರುತು ಎಲ್ಲಾದರೂ ಸಿಕ್ಕೀತೇನೋ ಎಂಬ ಹುಚ್ಚು ನನಗೆ ಈಗಲೂ ಇದೆ.

ರಾಗಿ ಕಣ ಮುಗಿದ ಮೇಲೆ ಊರಿನವರು ವರ್ಷಕ್ಕೊಂದು ನಾಟಕ ಆಡುತ್ತಿದ್ದರು. ನಾಟಕದ ಹೆಸರು ಬದಲಾಗುತ್ತಿತ್ತು. ಒಂದು ವರ್ಷ ತಾಳಿಯ ಕಥೆ, ಇನ್ನೊಂದು ವರ್ಷ ತಂಗಿಯ ಕಥೆ, ಮತ್ತೊಂದು ವರ್ಷ ಮಣ್ಣಿನ ಕಥೆ. ಕಥೆ ಏನೇ ಇರಲಿ, ಅದರಲ್ಲಿ ಒಂದು ಗ್ಯಾಂಗ್ ಇರಲೇಬೇಕು. ತಂಗಿಯನ್ನು ಹೊತ್ತುಕೊಂಡು ಹೋಗುವುದಕ್ಕೂ ಗ್ಯಾಂಗ್, ಗೌಡರ ಉಯಿಲು ಕದಿಯುವುದಕ್ಕೂ ಗ್ಯಾಂಗ್, ಏನೂ ಕೆಲಸವಿಲ್ಲದಿದ್ದರೆ ಸುಮ್ಮನೆ ಬಂದು ನಕ್ಕು ಹೋಗುವುದಕ್ಕೂ ಗ್ಯಾಂಗ್. ಕಡೂರಿನ ಟಾಕೀಸಿಗೆ ಬರುತ್ತಿದ್ದ ಸಿನಿಮಾಗಳಲ್ಲೂ ಅದೇ ಕಥೆಯಾದ್ದರಿಂದ ಯಾರಿಗೂ ಅದು ವಿಚಿತ್ರ ಅನ್ನಿಸುತ್ತಿರಲಿಲ್ಲ. ತರೀಕೆರೆಯಿಂದ ಬರುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು ಮಾತ್ರ ಕಾರಣ ತಿಳಿದವರು. "ಹೀರೋ ಒಬ್ನೇ ಕಣ್ರಪ್ಪಾ, ಅದು ದೊಡ್ಮನೆಯೋರಿಗೇ ಹೋಗುತ್ತೆ. ಮಿಕ್ಕೋರೆಲ್ಲಾ ಎಲ್ಲಿ ಹೋಗಬೇಕು? ಗ್ಯಾಂಗಿಗಾದ್ರೆ ಎಷ್ಟು ಜನ ಬೇಕಾದ್ರೂ ಹಿಡಿಸ್ತಾರೆ" ಎನ್ನುತ್ತಿದ್ದರು. ಅವರು ಹೇಳಿದ್ದು ನಿಜ. ಅಜ್ಜಿಯ ಊರಿನಲ್ಲಿ ಯಾರು ಎಲ್ಲಿ ಕೂರಬೇಕು, ಯಾರು ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಮೊದಲೇ ತೀರ್ಮಾನವಾಗಿರುತ್ತಿತ್ತು. ಗ್ಯಾಂಗಿನೊಳಗೆ ಆ ತೀರ್ಮಾನ ನಡೆಯುತ್ತಿರಲಿಲ್ಲ.

ನನ್ನ ಮಾವ ಮಂಜುನಾಥ, ಅಜ್ಜಿಯ ಬಾಯಲ್ಲಿ ಮಂಜ, ಈ ಗ್ಯಾಂಗಿಗೆ ಕಾಯಂ ಬಾಸ್. ಎತ್ತರದ ಆಳು, ಗಡಸು ಗಂಟಲು, ಮೆತ್ತಗಿನ ಸ್ವಭಾವ. ಕೋಳಿ ಕೊಯ್ಯುವಾಗ ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದವನು ಸ್ಟೇಜಿನ ಮೇಲೆ ಹೆಣಗಳ ಲೆಕ್ಕ ಹೇಳುತ್ತಿದ್ದ. ಸಿನಿಮಾ ನೋಡಿ ಬಂದಾಗಲೆಲ್ಲ ಒಂದು ಹೊಸ ನಗು ಕಲಿತು ಬರುತ್ತಿದ್ದ. ಹಾಗೊಂದು ನಗುವನ್ನು ಹಾಲು ಕರೆಯುವಾಗ ಅಭ್ಯಾಸ ಮಾಡಲು ಹೋದಾಗ ಎಮ್ಮೆ ಒದ್ದು ತಂಬಿಗೆ ಉರುಳಿತ್ತು. ಅವನ ಗ್ಯಾಂಗಿನಲ್ಲಿ ಆನಂದಣ್ಣ ಇದ್ದ. ಊರಾಚೆಯ ಬೀದಿಯವನು, ಅವರ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇತ್ತು, ಅವನ ಅಪ್ಪ ಬೆಳಿಗ್ಗೆ ಅದರ ಮುಂದೆ ಕಣ್ಣು ಮುಚ್ಚಿ ಕೂರುತ್ತಿದ್ದರು. ಇನ್ನೊಬ್ಬ ಓಂಕಾರಿ, ಸೈಕಲ್ ಶಾಪಿನವನು, ನಾಯಿ ಕಂಡರೆ ಪ್ರಾಣಭಯ. ನಮ್ಮ ಮನೆಗೆ ಬರುವಾಗ ಬೀದಿಯ ತುದಿಯಿಂದಲೇ "ನಾಯಿ ಹಿಡ್ಕಳ್ರೋ, ಗ್ಯಾಂಗ್ ಬತ್ತಾ ಐತೆ" ಎಂದು ಕೂಗುತ್ತಿದ್ದ. ಇವರೊಂದಿಗೆ ಇನ್ನೂ ಒಂದಿಬ್ಬರು, ವರ್ಷಕ್ಕೊಬ್ಬರಂತೆ ಬದಲಾಗುತ್ತಿದ್ದವರು. ಮಾವ ಏನೇ ಹೇಳಿದರೂ ಇವರೆಲ್ಲ ಎದೆಯ ಮೇಲೆ ಕೈಯಿಟ್ಟು "ಎಸ್ ಬಾಸ್" ಎನ್ನಬೇಕು, ಗ್ಯಾಂಗಿಗಿದ್ದ ಮಾತೇ ಅಷ್ಟು. ನಾಟಕ ಮುಗಿದ ಮೇಲೂ ಅದು ಬಾಯಲ್ಲಿ ಉಳಿದುಬಿಟ್ಟಿತ್ತು. ತೆಂಗಿನ ತೋಟದಲ್ಲಿ ಗುಂಡಿ ತೆಗೆಯುವಾಗಲೂ "ಇನ್ನೊಂದು ಮೊಳ ಆಳ ಹೋಗ್ಲಿ" ಎಂದರೆ "ಎಸ್ ಬಾಸ್".

ಪ್ರಾಕ್ಟೀಸ್ ನಮ್ಮ ಜಗಲಿಯ ಮೇಲೆ, ಸಂಜೆ ಹೊತ್ತು. ಅದು ಮುಗಿದ ಮೇಲೆ ಗ್ಯಾಂಗಿಗೆ ನಮ್ಮಲ್ಲೇ ಊಟ. ಮೊದಲ ವರ್ಷ ಅಜ್ಜಿ ಎಲ್ಲರಿಗೂ ಜಗಲಿಯ ಮೇಲೆ ತಟ್ಟೆ ಇಟ್ಟು ಆನಂದಣ್ಣನ ತಟ್ಟೆಯನ್ನು ಮಾತ್ರ ಕೆಳಗಿನ ಮೆಟ್ಟಿಲ ಮೇಲೆ ಇಟ್ಟಿದ್ದಳಂತೆ. ಮಾವ ತನ್ನ ತಟ್ಟೆ ಎತ್ತಿಕೊಂಡು ಹೋಗಿ ಮೆಟ್ಟಿಲ ಮೇಲೆ ಕೂತ. ಓಂಕಾರಿ "ಬಾಸ್ ಎಲ್ಲೋ ಗ್ಯಾಂಗ್ ಅಲ್ಲೇ" ಎಂದು ಅವನ ಹಿಂದೆ, ಮಿಕ್ಕವರು ಓಂಕಾರಿಯ ಹಿಂದೆ. ಇಷ್ಟು ಜನ ಮೆಟ್ಟಿಲಿಗೆ ಹಿಡಿಸದೆ ಒಬ್ಬ ಕೊಟ್ಟಿಗೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಮುದ್ದೆ ನುಂಗಿದನಂತೆ. ಅಜ್ಜಿ ಎರಡು ದಿನ ಗೊಣಗಿದಳು, ಮೂರನೆಯ ದಿನ ಎಲ್ಲರ ತಟ್ಟೆಯನ್ನೂ ಜಗಲಿಯ ಮೇಲೆ ಒಂದೇ ಸಾಲಿನಲ್ಲಿ ಇಟ್ಟು, "ಹಾಳಾಗ್ ಹೋಗ್ರಿ, ಕಳ್ರೆಲ್ಲಾ ಒಂದೇ ಜಾತಿ" ಎಂದಳು. ನಾನು ಬರುವ ಹೊತ್ತಿಗೆ ಇದೆಲ್ಲ ಹಳೆಯ ಕಥೆಯಾಗಿ, ಅಜ್ಜಿ ಆನಂದಣ್ಣನಿಗೆ ಬಸ್ಸಾರು ಇನ್ನೊಂದು ಸೌಟು ಬಡಿಸಲು ಮರೆಯುತ್ತಿರಲಿಲ್ಲ. ಆ ಜಗಲಿಯ ಊಟದ ರುಚಿ ಆಮೇಲೆ ಯಾವ ಮದುವೆಮನೆಯಲ್ಲೂ ನನಗೆ ಸಿಕ್ಕಿಲ್ಲ.

ನಾಟಕದ ದಿನ ಮಧ್ಯಾಹ್ನದಿಂದಲೇ ಕರಟ ಸುಡುವ ಕೆಲಸ. ಸುಟ್ಟ ಕರಟವನ್ನು ಒರಳಿನಲ್ಲಿ ನುಣ್ಣಗೆ ಅರೆದು ಹರಳೆಣ್ಣೆ ಬೆರೆಸಿದರೆ ಮೀಸೆಗೂ ಅದೇ, ಹುಬ್ಬಿಗೂ ಅದೇ, ಮಾವನ ಕೆನ್ನೆಯ ಮೇಲಿನ ಚಾಕುಗಾಯಕ್ಕೂ ಅದೇ. ತಗಡಿನ ಟ್ರಂಕಿನಿಂದ ಪಟ್ಟಾಪಟ್ಟಿ ಬನಿಯನ್ನುಗಳು, ಕುತ್ತಿಗೆಗೆ ಕಟ್ಟುವ ಕೆಂಪು ವಸ್ತ್ರ, ಒಂದು ಗಾಜಿಲ್ಲದ ಕೂಲಿಂಗ್ ಗ್ಲಾಸು, ಆಚಾರಿ ಮಾಡಿಕೊಟ್ಟ ಮರದ ಪಿಸ್ತೂಲು ಹೊರಬರುತ್ತಿದ್ದವು. ಗುಂಡಿನ ಸದ್ದಿಗೆ ಪರದೆಯ ಹಿಂದೆ ಒಬ್ಬ ಪಟಾಕಿ ಹಿಡಿದು ಕೂತಿರುತ್ತಿದ್ದ. ಆ ಪಟಾಕಿ ಒಂದು ವರ್ಷವೂ ಹೊತ್ತಿಗೆ ಸರಿಯಾಗಿ ಸಿಡಿದದ್ದಿಲ್ಲ. ಇನ್ಸ್‌ಪೆಕ್ಟರ್ ಹೀರೋ ಗುಂಡು ಹಾರಿಸುವನು, ಮಾವ ಎದೆ ಹಿಡಿದುಕೊಂಡು ಸದ್ದಿಗಾಗಿ ಕಾಯುವನು, ಜನ "ಲೇ, ಹಚ್ರೋ, ಪಾಪ ನಿಂತವನೆ" ಎಂದು ಕೂಗುವರು. ಆಮೇಲೆ ಢಂ. ಆ ಮಸಿಯ ಗಾಯ ನಾಲ್ಕು ದಿನವಾದರೂ ಪೂರ್ತಿ ಹೋಗುತ್ತಿರಲಿಲ್ಲ. ಒಂದು ವರ್ಷ ಹೊಲದ ಖಾತೆ ವಿಚಾರಕ್ಕೆ ಅದೇ ಮುಖದಲ್ಲಿ ಕಡೂರಿಗೆ ಹೋದಾಗ ಬಸ್ಸಿನಲ್ಲಿ ಪಕ್ಕದವರು ಎದ್ದು ಸೀಟು ಬಿಟ್ಟುಕೊಟ್ಟರೆಂದು ಹೇಳಿ ಹೇಳಿ ನಗುತ್ತಿದ್ದ.

ಇನ್ನು ಅಜ್ಜಿಯ ವಿಷಯಕ್ಕೆ ಬರಬೇಕು. ನನ್ನ ತಾತ ಒಂದು ಮಧ್ಯಾಹ್ನ ಇದೇ ಜಗಲಿಯ ಮೇಲೆ ಮಲಗಿದವರು ಏಳಲಿಲ್ಲ. ಅಜ್ಜಿ ಒಳಗಿನಿಂದ ಬಂದು "ಏನ್ರೀ, ಏಳ್ರೀ, ಹೊತ್ತಾಯ್ತು" ಎಂದು ಎಷ್ಟೋ ಸಲ ಕರೆದಳಂತೆ. ಗಂಡನ ಹೆಸರನ್ನು ಬಾಯಲ್ಲಿ ಹೇಳಿದವಳಲ್ಲ ಅವಳು. ಹೆಸರು ಹಿಡಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಂಬಿದ ಕಾಲ. ಆದರೆ ಕೊನೆಯವರೆಗೂ ಅವಳಿಗೆ ಇದ್ದ ಕೊರಗು ಅದೊಂದೇ. "ಅವತ್ತು ಹೆಸರಿಡಿದು ಕರೆದಿದ್ರೆ ಏಳ್ತಿದ್ರೇನೋ ಕಣೇ. ಯಾರನ್ನೋ ಕರೀತಾ ಅವ್ಳೆ ಅಂದ್ಕಂಡು ಸುಮ್ಮನಾಗ್ಬಿಟ್ರು" ಎಂದು ನನ್ನ ಜಡೆ ಹೆಣೆಯುವಾಗ ಹೇಳುತ್ತಿದ್ದಳು. ಹೇಳಿ, ಜಡೆಯನ್ನು ಇನ್ನಷ್ಟು ಬಿಗಿಯಾಗಿ ಎಳೆಯುತ್ತಿದ್ದಳು.

ಮಾವ ಮೊದಲ ಸಲ ಸ್ಟೇಜಿನ ಮೇಲೆ ಸತ್ತಾಗ ಅಜ್ಜಿ ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಬೆಳಗಿನ ಜಾವ, ಮೂಡಣ ಬೆಳ್ಳಗಾಗುತ್ತಿದ್ದ ಹೊತ್ತು, ಟ್ಯೂಬ್‌ಲೈಟುಗಳು ಮಂಕಾಗಿದ್ದವು. ಗುಂಡು ಬಿದ್ದು ಮಾವ ಧೊಪ್ಪನೆ ಬಿದ್ದ, ಬಿದ್ದವನು ಅಲುಗಾಡಲಿಲ್ಲ. ಅಷ್ಟೇ, ಅಜ್ಜಿ ಎದ್ದು ಜನರನ್ನು ತಳ್ಳಿಕೊಂಡು ಸ್ಟೇಜ್ ಹತ್ತಿ, "ಏಳೋ ಮಂಜಾ, ಏಳೋ, ಬೆಳಗಾಯ್ತು" ಎಂದು ಅವನ ಭುಜ ಅಲುಗಿಸಿಬಿಟ್ಟಳು. ಮಾವ ಒಂದೇ ಕಣ್ಣು ತೆರೆದು "ಇನ್ನೂ ಸೀನ್ ಮುಗಿದಿಲ್ಲ ಕಣವ್ವಾ" ಎಂದ. ಜನ ಬಿದ್ದು ಬಿದ್ದು ನಕ್ಕರು. ಮಾರನೆಯ ವರ್ಷ ಮಂಗಳಾರತಿ ಆದ ಮೇಲೂ ಜನ ಏಳಲಿಲ್ಲ. "ಅಜ್ಜಿ ಬರ್ಲಿ, ಬಾಸ್‌ನ ಎಬ್ಬಿಸ್ಲಿ" ಎಂದು ಕೂಗಿದರು. ಹೀಗೆ ಅಜ್ಜಿಯ ಒಂದು ಎಡವಟ್ಟು ಊರಿನ ಪದ್ಧತಿಯಾಗಿಹೋಯಿತು. ಪರದೆ ಬಿದ್ದರೂ ಬಾಸ್ ಮಲಗಿರಬೇಕು, ಗ್ಯಾಂಗ್ ಸುತ್ತ ನಿಂತಿರಬೇಕು, ಅಜ್ಜಿ ಬಂದು ಹೆಸರು ಹಿಡಿದು ಕರೆಯಬೇಕು, ಆಗ ಅವನು ಎದ್ದು ಅವಳ ಕಾಲು ಮುಟ್ಟಬೇಕು. ಊರಿಗೆ ಅದು ತಮಾಷೆ. ಅಜ್ಜಿಗೆ ಅದು ತಮಾಷೆಯಾಗಿರಲಿಲ್ಲ. ಕರೆಯದೆ ಬಿಟ್ಟರೆ ಮಲಗಿದವನು ಮಲಗಿಯೇಬಿಡುತ್ತಾನೆ ಎಂದು ಅವಳು ಮನಸಾರೆ ನಂಬಿದ್ದಳು. ಆ ಹೊತ್ತು ಅವಳ ಕೈಯೊಳಗೆ ನನ್ನ ಕೈ ಇರುತ್ತಿತ್ತು, ಅವನು ಕಣ್ಣು ತೆರೆಯುವವರೆಗೂ ಅವಳು ಅದನ್ನು ಬಿಡುತ್ತಿರಲಿಲ್ಲ.

ಗಿರಿಜತ್ತೆ ಸಖರಾಯಪಟ್ಟಣದ ಹುಡುಗಿ. ಸೊಸೆಯಾಗಿ ಬಂದಾಗ ನಾನು ಆರನೇ ಕ್ಲಾಸು. ಬಾಯಿ ಜೋರು, ನಗು ಇನ್ನೂ ಜೋರು, ಗಂಡನ ಹೆಸರಿನ ವಿಷಯದಲ್ಲಿ ಮಾತ್ರ ಅತ್ತೆಗೆ ತಕ್ಕ ಸೊಸೆ. "ರೀ" ಎನ್ನುವಳು, "ನಮ್ಮನೇರು" ಎನ್ನುವಳು, ಬೆಳಿಗ್ಗೆ ಹೊಲದ ಮೇಲೆ ಕೂರುವ ಮಂಜಿಗೂ "ಆ ಬೆಳ್ಳಗಿಂದು" ಎನ್ನುವಳು. ನಾವು ಮಕ್ಕಳು ಬೇಕೆಂದೇ ಅವಳ ಬಾಯಿಂದ ಹೆಸರು ಹೊರಡಿಸಲು ನೋಡುತ್ತಿದ್ದೆವು, ಒಂದು ದಿನವೂ ಸಿಕ್ಕಿಬೀಳಲಿಲ್ಲ. ಅಜ್ಜಿ ಕೊನೆಯ ಸಲ ಹಾಸಿಗೆ ಹಿಡಿದಾಗ ಅವಳ ಕೈ ಹಿಡಿದು, "ನಾನು ಹೋದ ಮೇಲೆ ಅವನನ್ನ ನೀನೇ ಕರೀಬೇಕು ಕಣೇ. ನಾಚ್ಕಂಡು ನಿಂತ್ಬಿಟ್ಟೀಯ" ಎಂದಳು. ಅತ್ತೆ ಅಜ್ಜಿಯ ಹಣೆಯ ಮೇಲಿನ ಕೂದಲು ಸರಿಸಿದಳು. ಆ ಮಳೆಗಾಲಕ್ಕೆ ಅಜ್ಜಿ ಹೋದಳು.

ಮುಂದಿನ ನಾಟಕ ಬಂತು. ಮಾವ ಎಂದಿನಂತೆ ಗುಂಡಿಗೆ ಕಾದ, ಪಟಾಕಿ ಎಂದಿನಂತೆ ತಡವಾಯಿತು, ಅವನು ಬಿದ್ದ. ಮಂಗಳಾರತಿ ಆಯಿತು. ಜನ ಕೂತೇ ಇದ್ದರು, ಆದರೆ ಈ ಸಲ ಯಾರೂ ಕೂಗಲಿಲ್ಲ. ಹೆಂಗಸರು ಅತ್ತೆಯನ್ನು ನಿಧಾನವಾಗಿ ಮುಂದಕ್ಕೆ ಬಿಟ್ಟರು. ನಾನು ಅವಳ ಜೊತೆಗೇ ಸ್ಟೇಜ್ ಹತ್ತಿದೆ. ಮಾವ ಕಣ್ಣು ಮುಚ್ಚಿ ಮಲಗಿದ್ದ, ಮುಚ್ಚಿದ ಕಣ್ಣಿಂದ ನೀರು ಇಳಿದು ಕೆನ್ನೆಯ ಮಸಿಗಾಯದ ಮೇಲೆ ಹಾದು ಕಿವಿಯ ಕಡೆಗೆ ಹೋಗಿತ್ತು. ಅವನು ಯಾರ ದನಿಗೆ ಕಾಯುತ್ತಿದ್ದಾನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅತ್ತೆ ಸೆರಗಿನ ತುದಿ ಸುತ್ತುತ್ತಾ "ಏಳ್ರೀ" ಎಂದಳು. ಅವನು ಅಲುಗಲಿಲ್ಲ. "ಏಳ್ರೀ, ಸಾಕು" ಎಂದಳು. ಹೆಸರಿನ ಮೊದಲ ಅಕ್ಷರ ಅವಳ ತುಟಿಯವರೆಗೆ ಬಂದು ನಿಂತದ್ದನ್ನು ನಾನು ಕಂಡೆ. ಆಗ ಆನಂದಣ್ಣ ಮೆಲ್ಲಗೆ ಹೇಳಿದ: "ಅಕ್ಕಾ, ಹೆಸರು ಬ್ಯಾಡ ಬಿಡ್ರಿ. ನಾವು ಕರಿಯೋ ಹಂಗೆ ಕರೀರಿ." ಅತ್ತೆ ಅವನ ಮುಖ ನೋಡಿದಳು, ಉಸಿರೆಳೆದುಕೊಂಡು ಊರಿಗೆಲ್ಲ ಕೇಳುವಂತೆ ಕೂಗಿದಳು: "ಬಾಸ್, ಏಳ್ತೀರೋ ಇಲ್ವೋ? ಎಮ್ಮೆ ಒದರ್ತಾ ಐತೆ." ಊರೇ ಗೊಳ್ಳೆಂದಿತು. ಮಾವ ಅಳುತ್ತಲೇ ನಗುತ್ತಾ ಎದ್ದು ಕೂತ. ಅವತ್ತಿನಿಂದ ಅವಳ ಬಾಯಲ್ಲಿ ಅವನು ಬಾಸ್. ಬಾಸ್ ಊಟಕ್ಕೆ ಬನ್ನಿ, ಬಾಸ್ ಸಂತೆಗೆ ಹೋಗಿ, ಬಾಸ್ ನಿಮ್ಮ ತಲೆಗಿಷ್ಟು ಬೆಂಕಿ ಹಾಕ. ಅವನು ಎದೆಯ ಮೇಲೆ ಕೈಯಿಟ್ಟು "ಎಸ್ ಬಾಸ್" ಎಂದು ಅವಳಿಗೇ ತಿರುಗಿಸಿ ಹೇಳುತ್ತಿದ್ದ.

ಆಮೇಲೆ ನಾಟಕ ನಿಂತುಹೋಯಿತು. ಯಾವ ವರ್ಷ, ಯಾಕೆ ಎಂದರೆ ಯಾರಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಒಂದು ವರ್ಷ ಮೇಷ್ಟ್ರಿಗೆ ಹುಷಾರಿಲ್ಲ ಎಂದು ಬಿಟ್ಟರು, ಮರುವರ್ಷ ಜ್ಞಾಪಿಸುವವರು ಇರಲಿಲ್ಲ. ಮನೆಮನೆಗೆ ಟೀವಿ ಬಂದು ಅದರೊಳಗೆ ದಿನಾ ಗ್ಯಾಂಗುಗಳು ಬಡಿದಾಡುವಾಗ ವರ್ಷಕ್ಕೊಮ್ಮೆ ಬರುವ ನಮ್ಮ ಗ್ಯಾಂಗ್ ಯಾರಿಗೆ ಬೇಕು? ಈಗಿನ ಕಥೆಗಳಲ್ಲಿ ಬಾಸೇ ಹೀರೋ ಅಂತೆ, ಗಡ್ಡ ಬಿಟ್ಟು ಸಿಗರೇಟು ಸೇದುತ್ತಾ ನಡೆದು ಬರುತ್ತಾನೆ, ಅವನ ಹಿಂದೆ ನೂರು ಜನ. ಆ ನೂರು ಜನ ಎಲ್ಲಿ ಉಣ್ಣುತ್ತಾರೆ, ಯಾರು ಅವರಿಗೆ ಬಡಿಸುತ್ತಾರೆ ಎಂದು ಒಬ್ಬನೂ ತೋರಿಸುವುದಿಲ್ಲ. ನನಗೆ ಅವರನ್ನು ಕಂಡರೆ ಸಿಟ್ಟು ಬರುತ್ತದೆ. ಆ ಸಿಟ್ಟಿನ ಬುಡ ಕೆದಕಿದರೆ ಅಲ್ಲಿ ಇರುವುದು ಒಂದು ಜಗಲಿ, ಒಂದು ಸಾಲು ತಟ್ಟೆ. ನಿಮಗೂ ಅಂಥದೊಂದು ಜಗಲಿ ಇದ್ದಿದ್ದರೆ ನಾನು ಹೇಳುವುದು ಅರ್ಥವಾಗುತ್ತದೆ.

ಮಾವ ಹೋದದ್ದು ಮೂರು ಬೇಸಿಗೆಯ ಹಿಂದೆ, ಕಡೂರಿನಲ್ಲಿ, ಮಗನ ಮನೆಯಲ್ಲಿ. ನಸುಕಿನಲ್ಲಿ ನಿದ್ದೆಯಲ್ಲೇ. ಸುದ್ದಿ ತಿಳಿದು ನಾನು ಅಜ್ಜಂಪುರದಿಂದ ಹೋಗುವ ಹೊತ್ತಿಗೆ ಊರಿಗೆ ತಂದಿದ್ದರು. ಮನೆ ಬಿದ್ದುಹೋಗಿತ್ತಾದ್ದರಿಂದ ಅದರ ಮುಂದಿನ ಬಯಲಿನಲ್ಲೇ, ಬೇವಿನ ಮರದ ನೆರಳಲ್ಲಿ ಮಲಗಿಸಿದ್ದರು. ಆನಂದಣ್ಣ ಬಂದಿದ್ದ, ತಲೆ ಪೂರ್ತಿ ಬೆಳ್ಳಗೆ. ಓಂಕಾರಿ ಕೋಲು ಊರಿಕೊಂಡು ಬಂದ. ಬೀದಿಯ ನಾಯಿಗಳು ಅವನ ಪಕ್ಕದಲ್ಲೇ ಹಾದು ಹೋದವು, ಅವನು ತಿರುಗಿಯೂ ನೋಡಲಿಲ್ಲ. ಎತ್ತುವ ಹೊತ್ತು ಬಂತು. ಆನಂದಣ್ಣ ಟವೆಲನ್ನು ಹೆಗಲ ಮೇಲೆ ಮಡಿಸಿಟ್ಟುಕೊಂಡು ಬಗ್ಗಿದ. "ತಡೀರಿ" ಎಂದಳು ಅತ್ತೆ.

ಅವಳು ಬಂದು ಮಾವನ ತಲೆಯ ಹತ್ತಿರ ಕೂತಳು. ಬಾಸ್ ಎನ್ನುತ್ತಾಳೆ ಎಂದುಕೊಂಡೆ, ಎಲ್ಲರೂ ಹಾಗೇ ಅಂದುಕೊಂಡಿರಬೇಕು. ಅವಳು ಅವನ ಭುಜದ ಮೇಲೆ ಕೈಯಿಟ್ಟು, ಮಗುವನ್ನು ಏಳಿಸುವ ದನಿಯಲ್ಲಿ, "ಮಂಜಾ" ಎಂದಳು. "ಏಳೋ ಮಂಜಾ. ಏಳೋ, ಬೆಳಗಾಯ್ತು." ಅಜ್ಜಿಯ ಮಾತು, ಅಜ್ಜಿಯ ರಾಗ. ಒಂದು ಜನ್ಮವೆಲ್ಲ ಬಾಯಿಗೆ ಬಾರದಿದ್ದ ಹೆಸರು ಅಷ್ಟು ಸಲೀಸಾಗಿ ಬಂದುಬಿಟ್ಟಿತು. ಯಾರೂ ಅವಳನ್ನು ಎಬ್ಬಿಸಲು ಹೋಗಲಿಲ್ಲ. ಬಗ್ಗಿದ್ದ ಆನಂದಣ್ಣ ಬಗ್ಗಿದಂತೆಯೇ ಇದ್ದ. ನಾವೆಲ್ಲ ಕಾದೆವು. ನಿಜವಾಗಿ ಕಾದೆವು, ನಂಬಿ, ಊರಿಗೆ ಊರೇ ಅವನ ಒಂದು ಕಣ್ಣು ತೆರೆಯುತ್ತದೆಂದು ನೋಡುತ್ತಾ ನಿಂತಿತ್ತು. ಆಮೇಲೆ ಅತ್ತೆ ತಾನೇ ಕೈ ತೆಗೆದು ಎದ್ದು ಪಕ್ಕಕ್ಕೆ ಸರಿದಳು. ಆನಂದಣ್ಣ ಎದೆಯ ಮೇಲೆ ಕೈಯಿಟ್ಟು, "ಎಸ್ ಬಾಸ್" ಎಂದ, ಹೆಗಲು ಕೊಟ್ಟ.

ಮೊನ್ನೆ ಸಂಜೆ ನಾನು ಹಿತ್ತಿಲಲ್ಲಿ ಇಕ್ಕಳ ಹಿಡಿದು ನಿಂತಿದ್ದಾಗ ಕಂಡದ್ದೆಲ್ಲ ಇದು. ಬದನೆಕಾಯಿ ಸುಟ್ಟುಹೋಗಿದೆ ಎಂದು ಬೈಯಲು ಅತ್ತೆ ಹೊರಗೆ ಬಂದವಳು ಮಗಳ ಪಕ್ಕ ಮೆಟ್ಟಿಲ ಮೇಲೆ ಕೂತು ಮೊಬೈಲಿನೊಳಕ್ಕೆ ಬಗ್ಗಿ ನೋಡತೊಡಗಿದಳು. ಬಂದರಿನ ಬಾಸಿಗೆ ಗುಂಡು ಬಿತ್ತು. ಸದ್ದು ಸರಿಯಾದ ಹೊತ್ತಿಗೇ ಬಂತು. ಅವನು ನೀರಿನ ಪಕ್ಕ ಅಂಗಾತ ಬಿದ್ದ, ಅವನ ಗ್ಯಾಂಗ್ ಅವನನ್ನು ಬಿಟ್ಟು ಓಡಿಹೋಯಿತು, ಹಾಡು ಶುರುವಾಯಿತು, ಹೆಸರುಗಳು ಓಡತೊಡಗಿದವು. ಮಗಳು ಮುಂದಿನ ಭಾಗಕ್ಕೆ ಬೆರಳು ಒತ್ತಲು ಹೋದಳು. ಅತ್ತೆ ಅವಳ ಕೈ ಹಿಡಿದುಕೊಂಡಳು.

"ತಡಿಯೇ ಒಂಚೂರು" ಎಂದಳು. "ಅವನನ್ನ ಇನ್ನೂ ಯಾರೂ ಕರೀಲಿಲ್ಲ."